ಹಳೆಯ ಪಿಕಪ್ ಕೊಂಡಿದ್ದೇನೆ, ದಾರಿಯಲ್ಲಿ ಟೈರು ಬದಲಿಸಲು ಏನೇನು ಸಿದ್ಧವಿರಬೇಕು?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಹಳೆಯ ಪಿಕಪ್ ಕೊಂಡಿದ್ದೀರಿ, ಬನ್ನೂರಿನ ಕಡೆಯಿಂದ ಬೆಳಗಿನ ಜಾವ ಮೈಸೂರಿನ ಬಂಡೀಪಾಳ್ಯದ ಮಾರುಕಟ್ಟೆಗೆ ತರಕಾರಿ ತರುತ್ತೀರಿ, ಆಗೊಮ್ಮೆ ಈಗೊಮ್ಮೆ ಬೆಂಗಳೂರಿಗೂ ಹೋಗುತ್ತೀರಿ. ಇದುವರೆಗೆ ಕೈಯಾರೆ ಒಂದು ಟೈರನ್ನೂ ಬಿಚ್ಚಿಲ್ಲ. ಪಂಚರ್ ಆದರೆ ಒಬ್ಬರೇ ನಿಭಾಯಿಸಲು ಗಾಡಿಯಲ್ಲಿ ಏನೇನು ಇಟ್ಟುಕೊಳ್ಳಬೇಕು ಎಂದು ಕೇಳಿದ್ದೀರಿ.

ನಾನು ಮಂಡ್ಯದವನು. ಹನ್ನೊಂದು ವರ್ಷದಿಂದ ಪಿಕಪ್ ಓಡಿಸುತ್ತಿದ್ದೇನೆ: ಮದ್ದೂರಿನ ಎಳನೀರು, ಆಲೆಮನೆಯ ಬೆಲ್ಲ, ಬಾಡಿಗೆ ಸಿಕ್ಕರೆ ಮದುವೆ ಮನೆಯ ಪಾತ್ರೆ. ಇಟ್ಟುಕೊಳ್ಳಬೇಕಾದ ಸಾಮಾನಿನ ಪಟ್ಟಿಯನ್ನು ಯಾವ ಬಿಡಿಭಾಗದ ಅಂಗಡಿಯವರಾದರೂ ಕೊಡುತ್ತಾರೆ. ನಾನು ಹೇಳುವುದು ಬೇರೆ. ಬರುವ ಭಾನುವಾರ ನಿಮ್ಮ ಮನೆಯ ಮುಂದೆ, ಪಂಚರ್ ಆಗದ ಹಿಂದಿನ ಟೈರೊಂದನ್ನು ಬಿಚ್ಚಿ, ಸ್ಟೆಪ್ನಿ ಹಾಕಿ, ಮತ್ತೆ ಮೊದಲಿನಂತೆ ಮಾಡಿ. ನಿಮ್ಮ ಗಾಡಿಯಲ್ಲಿ ಏನು ಕೊರತೆ ಇದೆ ಎಂಬುದು ಆಗ ಯಾರೂ ಹೇಳದೆಯೇ ಗೊತ್ತಾಗುತ್ತದೆ.

ನನಗೆ ಈ ಬುದ್ಧಿ ಬಂದದ್ದು ಯಲಿಯೂರಿನ ಹತ್ತಿರ. ಹೊಸ ಹೆದ್ದಾರಿ ಇನ್ನೂ ಆಗಿರಲಿಲ್ಲ. ಮದ್ದೂರಿನಿಂದ ಏಳುನೂರು ಎಳನೀರು ತುಂಬಿಕೊಂಡು ಮೈಸೂರಿಗೆ ಹೊರಟಿದ್ದೆ, ಬೆಳಗಿನ ನಾಲ್ಕೂವರೆ. ಹಿಂದಿನ ಎಡಗಡೆಯ ಟೈರು ಕುಳಿತುಬಿಟ್ಟಿತು. ಗಾಡಿಯನ್ನು ಮಣ್ಣಿನ ಬದಿಗೆ ಇಳಿಸಿ ಜಾಕ್ ತೆಗೆದೆ. ಜಾಕ್ ಇತ್ತು, ಪಾನಾ ಇತ್ತು, ಸ್ಟೆಪ್ನಿಯಲ್ಲಿ ಗಾಳಿಯೂ ಇತ್ತು. ಆದರೆ ಟೈರು ಚಪ್ಪಟೆಯಾಗಿ, ಮೇಲೆ ಒಂದು ಟನ್ನಿಗಿಂತ ಹೆಚ್ಚು ಭಾರ ಕುಳಿತಿದ್ದರಿಂದ ಹೌಸಿಂಗ್, ಅಂದರೆ ಹಿಂದಿನ ಎರಡು ಚಕ್ರಗಳ ನಡುವಿನ ಆಕ್ಸಲ್ಲಿನ ಕಬ್ಬಿಣದ ಕವಚ, ಎಷ್ಟು ಕೆಳಗೆ ಬಂದಿತ್ತೆಂದರೆ ಬಾಟಲ್ ಜಾಕ್ ಅದರ ಅಡಿಗೆ ತೂರಲೇ ಇಲ್ಲ. ಎರಡು ಬೆರಳಿನಷ್ಟು ಜಾಗ ಸಾಲದು. ಅಷ್ಟಕ್ಕಾಗಿ ಏಳುನೂರು ಕಾಯಿಯನ್ನು ಕೆಳಗಿಳಿಸಬೇಕೇ ಎಂದು ತಲೆಯ ಮೇಲೆ ಕೈ ಹೊತ್ತು ಕುಳಿತೆ.

ಆಗ ಗದ್ದೆಗೆ ನೀರು ಕಟ್ಟಲು ಹೊರಟಿದ್ದ ಯಜಮಾನರೊಬ್ಬರು ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡು ಬಂದರು. ನಾಲೆಯಲ್ಲಿ ನೀರು ಬಿಟ್ಟ ವಾರ ಅದು. ಬಗ್ಗಿ ನೋಡಿ, "ಗಾಡಿ ಮೇಲೇಳದಿದ್ದರೆ ನೆಲವನ್ನೇ ಕೆಳಗಿಳಿಸೋಣ ಬಿಡಪ್ಪ" ಎಂದರು. ಹೌಸಿಂಗಿನ ನೇರಕ್ಕೆ ಒಂದು ಗೇಣು ಮಣ್ಣು ಕೆತ್ತಿ, ತಳವನ್ನು ಮಟ್ಟ ಮಾಡಿ, ತುಳಿದು ಗಟ್ಟಿ ಮಾಡಿದರು. ಹತ್ತಿರದಲ್ಲಿ ಬಿದ್ದಿದ್ದ ಚಪ್ಪಡಿಯ ಚೂರಿನ ಮೇಲೆ ಜಾಕ್ ನಿಂತಿತು. ಮುಂದೆ ಸ್ಟೆಪ್ನಿಯ ಸರದಿ. ಅದು ತೊಟ್ಟಿಯ ಕೆಳಗೆ ಸರಪಳಿಯಲ್ಲಿ ನೇತಾಡುತ್ತಿತ್ತು, ಸರಪಳಿ ಇಳಿಸುವ ರಾಡು ಅಲುಗಲಿಲ್ಲ. ನಾಲ್ಕು ಮಳೆಗಾಲದ ತುಕ್ಕು. ಕೊನೆಗೆ ಲಾರಿಯವರೊಬ್ಬರು ನಿಲ್ಲಿಸಿ ಹ್ಯಾಕ್ಸಾದಲ್ಲಿ ಸರಪಳಿ ಕೊಯ್ದುಕೊಟ್ಟರು. ಮೈಸೂರು ತಲುಪುವಾಗ ಒಂಬತ್ತು ಗಂಟೆ, ಕಾಯಿ ಕೊಳ್ಳುವವರು ಬೇರೆ ಗಾಡಿಯಿಂದ ಇಳಿಸಿಕೊಂಡಾಗಿತ್ತು.

ಆದ್ದರಿಂದ ಮೊದಲು ಸ್ಟೆಪ್ನಿಯನ್ನು ಕೆಳಗಿಳಿಸಿ ನೋಡಿ. ಸರಪಳಿಗೂ ಅದನ್ನು ಸುತ್ತುವ ತಿರುಗುಣಿಗೂ ಗ್ರೀಸ್ ಹಚ್ಚಿ, ಇಳಿಸುವ ರಾಡು ಸೀಟಿನ ಹಿಂದೆ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಎರಡನೆಯ ಕೈಯ ಗಾಡಿಗಳಲ್ಲಿ ಕಾಣೆಯಾಗುವುದು ಹೆಚ್ಚಾಗಿ ಆ ರಾಡೇ. ಟೈರಿನ ಪಕ್ಕದಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. 3218 ಎಂದಿದ್ದರೆ 2018ರ 32ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಟೈರಿನ ಮೇಲಿನ ಹೂವು (ಗೆರೆಗಳ ಅಚ್ಚು) ಸವೆಯದೆ ಹೊಸದರಂತೆ ಕಂಡರೂ ಹಳೆಯ ರಬ್ಬರಿನಲ್ಲಿ ಸಣ್ಣ ಬಿರುಕುಗಳು ಬಿಟ್ಟಿರುತ್ತವೆ, ಲೋಡು ಬಿದ್ದ ಕೂಡಲೇ ಅವು ಬಾಯಿ ತೆರೆಯುತ್ತವೆ. ಗಾಳಿಯನ್ನು ಪೂರ್ತಿ ಲೋಡಿಗೆ ಹೇಳಿದ ಮಟ್ಟಕ್ಕೇ ತುಂಬಿಸಿಡಿ. ಹೆಚ್ಚಾದರೆ ದಾರಿಯಲ್ಲಿ ಬಿಡಬಹುದು, ಕಡಿಮೆಯಾದರೆ ತುಂಬಲು ಯಾರಿದ್ದಾರೆ?

ಸ್ಟೆಪ್ನಿ ಎಂಬ ಹೆಸರಿನ ಕಥೆ ನನಗೆ ಇಷ್ಟ. 1904ರಲ್ಲಿ ವೇಲ್ಸ್ ದೇಶದ ಲನೆಥ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ ಡೇವಿಸ್ ಎಂಬ ಅಣ್ಣತಮ್ಮಂದಿರು ಹೆಚ್ಚುವರಿ ಚಕ್ರ ಮಾಡಿ ಮಾರತೊಡಗಿದರು. ಬೀದಿಯ ಹೆಸರೇ ಚಕ್ರಕ್ಕೆ ಅಂಟಿತು. ಆಗಿನ ಸ್ಟೆಪ್ನಿ ಹಾಕಲು ನಟ್ಟು ಬಿಚ್ಚುವ ಗೊಡವೆಯೇ ಇರಲಿಲ್ಲ, ಪಂಚರ್ ಆದ ಚಕ್ರದ ಪಕ್ಕಕ್ಕೇ ಅದನ್ನು ಬಿಗಿದು ಹೊರಡುತ್ತಿದ್ದರಂತೆ. ನಮಗೆ ಹೆಸರು ಮಾತ್ರ ಬಂತು, ಆ ಸುಖ ಬರಲಿಲ್ಲ.

ಜಾಕಿನ ವಿಷಯ. ಅದರ ಮೇಲೆ ಎಷ್ಟು ಟನ್ ಎಂದು ಬರೆದಿರುತ್ತದೆ. ಕಾರಿನ ಜಾಕನ್ನು ತಂದು ಲೋಡು ಗಾಡಿಗೆ ಕೊಡಬೇಡಿ. ಬಾಟಲ್ ಜಾಕನ್ನು ಮನೆಯಲ್ಲಿ ಒಮ್ಮೆ ಪೂರ್ತಿ ಎತ್ತಿ, ಭಾರದ ಮೇಲೆ ಹತ್ತು ನಿಮಿಷ ಬಿಟ್ಟು ನೋಡಿ. ನಿಧಾನವಾಗಿ ಇಳಿಯುತ್ತಿದ್ದರೆ ಒಳಗಿನ ಸೀಲು ಹೋಗಿದೆ ಎಂದೇ ಲೆಕ್ಕ. ಗಾಡಿಯಲ್ಲಿ ಅದನ್ನು ನೆಟ್ಟಗೆ ನಿಲ್ಲಿಸಿ ಕಟ್ಟಿ, ಅಡ್ಡ ಬಿದ್ದರೆ ಎಣ್ಣೆ ಜಿನುಗುತ್ತದೆ. ಜೊತೆಗೆ ಒಂದಡಿ ಉದ್ದ, ಒಂದಡಿ ಅಗಲದ ಗಟ್ಟಿ ಮರದ ಹಲಗೆ ಇರಲಿ. ಮಳೆಗಾಲದಲ್ಲಿ ನಮ್ಮ ರಸ್ತೆ ಬದಿಯ ಮಣ್ಣು ಜಾಕನ್ನು ನುಂಗುತ್ತದೆ. ಪ್ಲೈವುಡ್ ಬೇಡ, ಒಂದೇ ಮಳೆಗಾಲಕ್ಕೆ ಪದರು ಬಿಡುತ್ತದೆ. ಇನ್ನೊಂದು ಹಲಗೆ ಸ್ವಲ್ಪ ಉದ್ದವಾಗಿರಲಿ, ತುದಿಯನ್ನು ಇಳಿಜಾರಾಗಿ ಕೆತ್ತಿಸಿ. ಜಾಕ್ ತೂರದಿದ್ದರೆ ಗಾಳಿ ಹೋದ ಚಕ್ರವನ್ನೇ ಅದರ ಮೇಲೆ ಹತ್ತಿಸಿ, ಹೌಸಿಂಗ್ ಮೇಲೆ ಬರುತ್ತದೆ. ಯಲಿಯೂರಿನಲ್ಲಿ ಇದು ಇದ್ದಿದ್ದರೆ ಗುದ್ದಲಿ ಬೇಕಾಗುತ್ತಿರಲಿಲ್ಲ. ಹೊಸಬರು ಮರೆಯುವ ಇನ್ನೊಂದು ಮಾತು: ಚಪ್ಪಟೆ ಟೈರು ಹೊರಬರುವಷ್ಟು ಎತ್ತಿದರೆ ಸಾಲದು, ಗಾಳಿ ತುಂಬಿದ ಸ್ಟೆಪ್ನಿ ಒಳಹೋಗುವಷ್ಟು ಎತ್ತಬೇಕು. ಜಾಕ್ ಅಲ್ಲಿಯವರೆಗೆ ಏಳುತ್ತದೆಯೇ ಎಂಬುದೂ ಭಾನುವಾರವೇ ತಿಳಿಯಲಿ.

ಗಾಡಿ ಉರುಳದಂತೆ ತಡೆಯುವುದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅನುಭವಿ ಚಾಲಕರೂ ಇಲ್ಲಿ ಮೋಸಹೋಗುತ್ತಾರೆ. ಗೇರಿಗೆ ಹಾಕಿದ್ದೇನೆ, ಗಾಡಿ ಎಲ್ಲಿಗೆ ಹೋದೀತು ಎಂದುಕೊಳ್ಳುತ್ತಾರೆ. ಪಿಕಪ್‌ನಲ್ಲಿ ಎಂಜಿನ್ನಿನ ಬಲ ಹೋಗುವುದು ಹಿಂದಿನ ಚಕ್ರಗಳಿಗೆ. ಅವುಗಳಲ್ಲಿ ಒಂದನ್ನು ನೆಲದಿಂದ ಎತ್ತಿದಿರಿ ಎಂದರೆ ಎರಡೂ ಚಕ್ರಗಳಿಗೆ ಬಲ ಹಂಚುವ ನಡುವಿನ ಡಿಫರೆನ್ಷಿಯಲ್ ಆ ಚಕ್ರವನ್ನು ಗಾಳಿಯಲ್ಲಿ ಸುಮ್ಮನೆ ತಿರುಗಲು ಬಿಡುತ್ತದೆ, ನೆಲದ ಮೇಲಿರುವ ಚಕ್ರ ಆರಾಮವಾಗಿ ಉರುಳುತ್ತದೆ. ಗೇರಿನ ಹಿಡಿತ ಅಲ್ಲಿಗೆ ಮುಗಿಯಿತು. ಉಳಿಯುವುದು ಹ್ಯಾಂಡ್‌ಬ್ರೇಕ್, ಅದೂ ನೆಲದ ಮೇಲಿರುವ ಒಂದೇ ಹಿಂದಿನ ಚಕ್ರದಲ್ಲಿ. ಹಳೆಯ ಗಾಡಿಯ ಹ್ಯಾಂಡ್‌ಬ್ರೇಕ್ ಎಷ್ಟು ಹಿಡಿಯುತ್ತದೆ ಎಂಬುದು ನಿಮಗೇ ಗೊತ್ತು. ಆದ್ದರಿಂದ ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡಗಟ್ಟೆ ಕೊಡದೆ ಜಾಕ್ ಮುಟ್ಟಬೇಡಿ. ಬಡಗಿಯ ಹತ್ತಿರ ನಾಲ್ಕು ತ್ರಿಕೋನದ ಮರದ ತುಂಡು ಮಾಡಿಸಿದರೆ ಜೀವಮಾನಕ್ಕೆ ಸಾಕು. ರಸ್ತೆಯಲ್ಲಿ ಕಲ್ಲು ಸಿಗುತ್ತದೆ ಎನ್ನುವವರು ಬೆಳಗಿನ ಜಾವ ನಾಲ್ಕಕ್ಕೆ ಕಲ್ಲು ಹುಡುಕಿದವರಲ್ಲ. ಆ ಕಲ್ಲನ್ನು ಅಲ್ಲೇ ಬಿಟ್ಟು ಹೋಗಿ ಹಿಂದೆ ಬರುವ ಬೈಕಿನವರನ್ನು ಬೀಳಿಸುವವರೂ ಅವರೇ.

ಬಿಚ್ಚಿದ ಚಕ್ರವನ್ನು ಚಾಸಿಯ ಕೆಳಗೆ ಮಲಗಿಸಿಡಿ. ಜಾಕ್ ಜಾರಿದರೆ ಗಾಡಿ ಅದರ ಮೇಲೆ ಕೂರುತ್ತದೆ. ನೀವಂತೂ ಗಾಡಿಯ ಕೆಳಗೆ ನುಗ್ಗಲೇಬೇಡಿ.

ನಟ್ಟುಗಳನ್ನು ಸಡಿಲಿಸುವುದು ಚಕ್ರ ನೆಲದ ಮೇಲಿರುವಾಗಲೇ, ಅರ್ಧ ಸುತ್ತು ಮಾತ್ರ. ಇಲ್ಲಿ ನಿಮ್ಮ ನಿಜವಾದ ಶತ್ರು ಪಂಚರ್ ಅಂಗಡಿಯ ಗಾಳಿಯ ಗನ್. ಅದು ಬಿಗಿದ ನಟ್ಟನ್ನು ಗಾಡಿಯ ಜೊತೆ ಬಂದ ಗಿಡ್ಡ ಪಾನಾದಿಂದ ಬಿಚ್ಚಲು ಭೀಮನೇ ಬರಬೇಕು. ಅಂಗಡಿಯಿಂದ ಹೊರಬಂದ ದಿನವೇ ಒಂದೊಂದಾಗಿ ಸಡಿಲಿಸಿ ಕೈಯಲ್ಲೇ ಬಿಗಿದಿಡಿ. ಪಾನಾಕ್ಕೆ ತೊಡಿಸಲು ಎರಡಡಿಯ ಕಬ್ಬಿಣದ ಪೈಪು ಸೀಟಿನ ಹಿಂದಿರಲಿ, ಬಿಚ್ಚಲು ಮಾತ್ರ. ಅದರಿಂದ ಬಿಗಿದರೆ ನಟ್ಟು ಕೂರುವ ತಿರುಪಿನ ಕಡ್ಡಿ, ಸ್ಟಡ್, ತುಂಡಾಗುತ್ತದೆ. ಎಲ್ಲ ನಟ್ಟೂ ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ ಎಂಬುದು ಈಗಿನ ಪಿಕಪ್‌ಗಳಿಗೆ ಸರಿ. ಹಳೆಯ ವಿಲ್ಲಿಸ್ ಜೀಪಿನ ಎಡಬದಿಯ ಚಕ್ರಗಳಲ್ಲಿ ತಿರುಪು ಉಲ್ಟಾ ಇರುತ್ತಿತ್ತು. ನಮ್ಮ ಚಿಕ್ಕಪ್ಪ ಅದನ್ನು ತಿಳಿಯದೆ ಅರ್ಧ ದಿನ ಬಿಚ್ಚುತ್ತೇನೆಂದು ಬಿಗಿಯುತ್ತಿದ್ದರು. ಮತ್ತೆ ಹಾಕುವಾಗ ನಟ್ಟಿನ ಚೂಪು ಬದಿ ಚಕ್ರದ ಕಬ್ಬಿಣದ ಡಿಸ್ಕಿನ ಕಡೆಗೆ ಬರಲಿ, ಒಂದನ್ನು ಬಿಗಿದು ಎದುರಿನದಕ್ಕೆ ಹೋಗಿ. ಚಕ್ರ ಎತ್ತಲು ಸೊಂಟ ಕೊಡಬೇಡಿ. ನೆಲದ ಮೇಲೆ ಕುಳಿತು, ಪಾನಾದ ರಾಡನ್ನು ಚಕ್ರದ ಕೆಳಗೆ ತೂರಿ ಮೀಟಿದರೆ ಸ್ಟಡ್‌ಗೆ ಸರಿಯಾಗಿ ಕೂರುತ್ತದೆ.

ಇನ್ನು ಬೆಂಗಳೂರು ಹೆದ್ದಾರಿ. 2023ರಲ್ಲಿ ಉದ್ಘಾಟನೆಯಾದ ಈ ರಸ್ತೆಯ ಮುಖ್ಯ ಪಥದಲ್ಲಿ ಹಳೆಯ ರಸ್ತೆಯಂತೆ ಮೈಲಿಗೊಂದು ಪಂಚರ್ ಅಂಗಡಿ ಇಲ್ಲ, ಅಂಗಡಿಗಳೆಲ್ಲ ಊರೊಳಗೆ, ಸರ್ವಿಸ್ ರಸ್ತೆಯಲ್ಲಿ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಬರುವ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಕೆಂಪು ತ್ರಿಕೋನವನ್ನು 50 ಮೀಟರ್ ಹಿಂದೆ ಇಟ್ಟರೆ ಅವರಿಗೆ ಸಿಗುವುದು ಎರಡು ಸೆಕೆಂಡೂ ಅಲ್ಲ. ಅದಕ್ಕೇ ನನ್ನ ಲೆಕ್ಕ ಕನಿಷ್ಠ 150 ಹೆಜ್ಜೆ. ಅದಕ್ಕಿಂತ ಮೇಲು, ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಎಡ ಅಂಚಿನಲ್ಲಿ ನಡಿಗೆಯ ವೇಗದಲ್ಲಿ ಹೊರದಾರಿಯವರೆಗೆ ಹೋಗಿಬಿಡಿ. ಟೈರು ಹಾಳಾಗುತ್ತದೆ, ಹಾಳಾಗಲಿ. ರಸ್ತೆಯ ಕಡೆಯ ಚಕ್ರ ಕುಳಿತಿದ್ದರೆ, ಚಲಿಸಲೂ ಆಗದಿದ್ದರೆ, ಬದಲಿಸುವ ಸಾಹಸ ಬೇಡ. ತಡೆಬೇಲಿಯ ಆಚೆ ನಿಂತು ಹೆದ್ದಾರಿ ಪ್ರಾಧಿಕಾರದ 1033ಕ್ಕೆ ಕರೆ ಮಾಡಿ.

ತಲೆಗೆ ಕಟ್ಟುವ ಟಾರ್ಚು, ಒಂದು ಗೋಣಿಚೀಲ, ಕೈಗವಸು, ನೀರು. ಇವಕ್ಕೆ ವಿವರಣೆ ಬೇಕಿಲ್ಲ. ಮೊಬೈಲಿನ ಬೆಳಕನ್ನು ಬಾಯಲ್ಲಿ ಕಚ್ಚಿಕೊಂಡು ಒಮ್ಮೆ ನಟ್ಟು ಬಿಚ್ಚಿದರೆ ಟಾರ್ಚು ತಾನಾಗಿ ಕೊಳ್ಳುತ್ತೀರಿ.

ಆಯುಧಪೂಜೆಯ ದಿನ ನಾವೆಲ್ಲ ಜಾಕು ಪಾನಾಗಳನ್ನು ಹೊರತೆಗೆದು, ಒರೆಸಿ, ಕುಂಕುಮ ಇಟ್ಟು, ಚಕ್ರದಡಿ ನಿಂಬೆಹಣ್ಣು ಇಡುತ್ತೇವಲ್ಲ, ನಾನು ಈಗ ಅದರ ಹಿಂದಿನ ದಿನವೇ ಸ್ಟೆಪ್ನಿ ಇಳಿಸಿ, ಸರಪಳಿಗೆ ಗ್ರೀಸ್ ಹಚ್ಚಿ, ಜಾಕನ್ನು ಭಾರಕ್ಕೆ ಕೊಟ್ಟು ನೋಡುತ್ತೇನೆ. ಯುಗಾದಿಗೆ ಇನ್ನೊಮ್ಮೆ. ನಡುವೆ ಗಾಳಿ ನೋಡಿಸುವಾಗಲೆಲ್ಲ ಸ್ಟೆಪ್ನಿಯನ್ನೂ ನೋಡಿಸುತ್ತೇನೆ. ಹುಡುಗರು ನಾಲ್ಕು ಚಕ್ರ ಮುಗಿಸಿ ಕೈಚಾಚುತ್ತಾರೆ, ಐದನೆಯದಿದೆ ಎಂದು ನಾವೇ ನೆನಪಿಸಬೇಕು. ದಾರಿಯಲ್ಲಿ ಟೈರು ಬದಲಿಸಿದ ದಿನ ಐವತ್ತು ಕಿಲೋಮೀಟರ್ ಓಡಿದ ಮೇಲೆ ನಿಲ್ಲಿಸಿ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ, ಪಂಚರ್ ಆದದ್ದನ್ನು ಅಂದೇ ಹಾಕಿಸಿ. ಬಂಡೀಪಾಳ್ಯದಲ್ಲಿ ತರಕಾರಿ ಇಳಿಸುವಷ್ಟರಲ್ಲಿ ಆ ಕೆಲಸ ಮುಗಿದಿರುತ್ತದೆ.