ಭಾರತೀಯ ಯಹೂದಿಗಳ ಬದುಕು ಕಾದಂಬರಿಗಳಲ್ಲಿ ಸಿಗುತ್ತದೆಯೇ? ಯಾರನ್ನು ಓದಬೇಕು?

ಸಿಗುತ್ತದೆ. ಎಸ್ತರ್ ಡೇವಿಡ್ ಅವರನ್ನು ಓದಿ. ಹುಟ್ಟಿ ಬೆಳೆದದ್ದು ಅಹಮದಾಬಾದಿನಲ್ಲಿ, ಬೆನೆ ಇಸ್ರೇಲ್ ಎಂಬ ಭಾರತೀಯ ಯಹೂದಿ ಸಮುದಾಯದ ಮನೆತನದಲ್ಲಿ, ಬರೆಯುವುದು ಇಂಗ್ಲಿಷಿನಲ್ಲಿ. ಅಲ್ಲಿನ ಕಾಂಕರಿಯಾ ಕೆರೆಯ ಮೃಗಾಲಯವನ್ನು ಕಟ್ಟಿ ಬೆಳೆಸಿದ ರೂಬೆನ್ ಡೇವಿಡ್ ಅವರ ಮಗಳು.

ಹಲವರು ಮೊದಲ ಕಾದಂಬರಿ 'ದಿ ವಾಲ್ಡ್ ಸಿಟಿ'ಯಿಂದ (1997) ಶುರು ಮಾಡಿ ಅನ್ನುತ್ತಾರೆ. ನಾನು ಮಾತ್ರ 'ಬುಕ್ ಆಫ್ ರೇಚಲ್' ಅನ್ನೇ ಮೊದಲು ಓದಿ ಅನ್ನುತ್ತೇನೆ. 2010ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಇದಕ್ಕೇ. ಕಥೆ ನಡೆಯುವುದು ಅಲಿಬಾಗ್ ಕಡೆಯ ಕೊಂಕಣ ಕರಾವಳಿಯಲ್ಲಿ. ಮಕ್ಕಳು, ನೆಂಟರು ಎಲ್ಲ ಇಸ್ರೇಲಿಗೆ ಹೋಗಿಬಿಟ್ಟಿದ್ದಾರೆ. ಊರಲ್ಲೇ ಉಳಿದ ರೇಚಲ್ ಎಂಬ ಮುದುಕಿ, ಪ್ರಾರ್ಥನೆಗೆ ಜನವೇ ಇಲ್ಲದ ಸಿನಗಾಗನ್ನು (ಯಹೂದಿಗಳ ಪ್ರಾರ್ಥನಾ ಮಂದಿರ) ಒಬ್ಬಳೇ ನೋಡಿಕೊಳ್ಳುತ್ತಾಳೆ. ಅದರ ಜಾಗದ ಮೇಲೆ ಕಣ್ಣು ಹಾಕಿದವರಿಗೆ ಎದುರು ನಿಲ್ಲುತ್ತಾಳೆ. ಅಧ್ಯಾಯಗಳು ಶುರುವಾಗುವುದು ಅಡುಗೆಯಿಂದ.

ದಯವಿಟ್ಟು ಆ ಅಡುಗೆಗಳನ್ನು ಬಿಟ್ಟು ಮುಂದೆ ಹೋಗಬೇಡಿ. ಬೆನೆ ಇಸ್ರೇಲ್ ಸಮುದಾಯ ಎರಡು ಸಾವಿರ ವರ್ಷಗಳ ಹಿಂದೆ ಹಡಗು ಒಡೆದು ಕೊಂಕಣದ ದಡ ಸೇರಿದವರ ವಂಶ ಎಂಬುದು ಅವರ ನಂಬಿಕೆ. ಎಣ್ಣೆ ತೆಗೆಯುವ ಕಸುಬು ಹಿಡಿದರು, ಸಬ್ಬತ್ ದಿನ, ಅಂದರೆ ಯಹೂದಿಗಳು ದುಡಿಯದ ಶನಿವಾರ, ಗಾಣ ಮುಟ್ಟುತ್ತಿರಲಿಲ್ಲ. ಅದಕ್ಕೇ ಊರವರು ಅವರನ್ನು 'ಶನಿವಾರ ತೇಲಿ' (ತೇಲಿ ಎಂದರೆ ಗಾಣಿಗ) ಎಂದರು. ಮಾಂಸವನ್ನೂ ಹಾಲನ್ನೂ ಕೂಡಿಸಿ ತಿನ್ನಬಾರದೆಂಬುದು ಅವರ ಧರ್ಮದ ಕಟ್ಟಳೆ. ಕೊಂಕಣದಲ್ಲಿ ತೆಂಗಿಗೇನು ಬರ? ಮಾಂಸದ ಸಾರಿಗೆ ತೆಂಗಿನಹಾಲು ಬಿತ್ತು. ಹರಕೆ ತೀರಿದಾಗ ಪ್ರವಾದಿ ಎಲೀಯನ ಹೆಸರಲ್ಲಿ 'ಮಲೀದಾ' ಮಾಡುತ್ತಾರೆ: ನೆನೆಸಿದ ಅವಲಕ್ಕಿಗೆ ತೆಂಗಿನತುರಿ, ಸಕ್ಕರೆ, ಏಲಕ್ಕಿ ಬೆರೆಸಿ, ಜೊತೆಗೆ ಹಣ್ಣುಗಳನ್ನಿಟ್ಟು, ಹೀಬ್ರೂ ಪ್ರಾರ್ಥನೆ ಹೇಳಿ ಎಲ್ಲರಿಗೂ ಹಂಚುತ್ತಾರೆ. ನಮ್ಮ ಪಂಚಕಜ್ಜಾಯ ತಿಂದು ಬೆಳೆದವರಿಗೆ ಆ ತಟ್ಟೆ ಹೊಸದೆನಿಸುವುದಿಲ್ಲ. ಇವರಲ್ಲಿ ಯಹೂದಿತನ ಎಷ್ಟು, ಊರಿನದು ಎಷ್ಟು ಎಂದು ಬೇರೆ ಮಾಡಲು ಹೋದರೆ ಸೋಲುತ್ತೇವೆ. ಎಸ್ತರ್ ಡೇವಿಡ್ ಅದನ್ನು ವಾದ ಮಾಡಿ ಹೇಳುವುದಿಲ್ಲ, ಒಲೆಯ ಮುಂದೆ ಕೂರಿಸಿ ತೋರಿಸುತ್ತಾರೆ. ಅವರನ್ನು ನಾನು ಮತ್ತೆ ಮತ್ತೆ ಓದುವುದು ಇದಕ್ಕಾಗಿ.

ಆಮೇಲೆ 'ಶಾಲೋಮ್ ಇಂಡಿಯಾ ಹೌಸಿಂಗ್ ಸೊಸೈಟಿ' ಹಿಡಿಯಿರಿ. 2002ರ ಗುಜರಾತಿನ ಹಿಂದೂ-ಮುಸ್ಲಿಂ ಗಲಭೆಯ ನಂತರ ಒಂದೇ ವಸತಿ ಸಮುಚ್ಚಯಕ್ಕೆ ಬಂದು ಸೇರಿದ ಅಹಮದಾಬಾದಿನ ಯಹೂದಿಗಳ ಕಥೆ. ಮುಸ್ಲಿಮರಂತೆ ಸುನ್ನತಿ ಅವರಲ್ಲೂ ಉಂಟು. ಗಲಭೆಯ ಹೊತ್ತಿನಲ್ಲಿ ಅದೇ ಜೀವಕ್ಕೆ ಕುತ್ತಾಗಬಹುದೆಂಬ ಭಯ ಹಿನ್ನೆಲೆಯಲ್ಲಿದೆ. ಆದರೂ ಪುಸ್ತಕದ ತುಂಬ ಮದುವೆ, ಪ್ರೇಮ, ಜಗಳ, ಇಸ್ರೇಲಿಗೆ ಹೋಗಬೇಕೋ ಬೇಡವೋ ಎಂಬ ಮುಗಿಯದ ಚರ್ಚೆ.

'ದಿ ವಾಲ್ಡ್ ಸಿಟಿ'ಯನ್ನು ಕೊನೆಗೆ ಇಟ್ಟುಕೊಳ್ಳಿ. ಅದು ಕೋಟೆಯೊಳಗಿನ ಹಳೇ ಅಹಮದಾಬಾದಿನ ಯಹೂದಿ ಮನೆಯೊಂದರ ಮೂರು ತಲೆಮಾರಿನ ಹೆಂಗಸರ ಕಥೆ. ಮನೆಯ ಆಚಾರಗಳ ಪರಿಚಯ ಮೊದಲೇ ಆಗಿದ್ದರೆ ಆ ಹೆಂಗಸರ ತಳಮಳ ಬೇಗ ಒಳಗಿಳಿಯುತ್ತದೆ.