ಲೈಫ್‌ಟೈಮ್ ಅಂದರೆ ಯಾರ ಲೈಫ್‌ಟೈಮ್?

ದೀಪ, ಬೀಗ, ಕ್ಯಾಮೆರಾ ಎಲ್ಲವನ್ನೂ ಒಂದೇ ಆ್ಯಪ್‌ನಲ್ಲಿ ನಡೆಸುವ ಹಬ್ ಅನ್ನೋ ಡಬ್ಬಕ್ಕೆ ಲೈಫ್‌ಟೈಮ್ ಸೇವೆ ಉಚಿತ ಅಂತಾರೆ, ನಂಬಬಹುದಾ ಎಂದು ಕೇಳಿದ್ದೀರಿ. ಯಾರ ಲೈಫ್‌ಟೈಮ್ ಅಂತ ಮೊದಲು ಅವರನ್ನೇ ಕೇಳಿ.

ಅಮೆರಿಕದಲ್ಲಿ ರಿವಾಲ್ವ್ ಅಂತ ಇಂಥದ್ದೇ ಒಂದು ಹಬ್ ಇತ್ತು. ಬೆಲೆ ಸುಮಾರು 300 ಡಾಲರ್, ಲೈಫ್‌ಟೈಮ್ ಸೇವೆಯೂ ಅದರಲ್ಲೇ ಸೇರಿತ್ತು. 2014ರಲ್ಲಿ ಗೂಗಲ್ ಒಡೆತನದ ನೆಸ್ಟ್ ಕಂಪನಿ ಆ ಹಬ್ ಮಾಡಿದವರ ಕಂಪನಿಯನ್ನು ಕೊಂಡಿತು. ಹಬ್ ನಡೆಯುತ್ತಿದ್ದದ್ದು ಇಂಟರ್‌ನೆಟ್ ಮೂಲಕ ಕಂಪನಿಯ ಸರ್ವರ್, ಅಂದರೆ ದೂರದ ಕಂಪ್ಯೂಟರ್ ನಂಬಿ. 2016ರ ಮೇ ತಿಂಗಳಲ್ಲಿ ಆ ಸರ್ವರ್ ಬಂದ್! ಹಬ್ ಕೆಟ್ಟಿರಲಿಲ್ಲ, ಆದರೂ ಕೆಲಸಕ್ಕೆ ಬಾರದ ಡಬ್ಬವಾಯಿತು. ಜನ ಗಲಾಟೆ ಮಾಡಿದ ಮೇಲೆ ಪರಿಹಾರದ ಮಾತು ಬಂತು, ಅದು ಬಿಡಿ.

ನಮ್ಮ ಮನೆಯಲ್ಲೂ ಒಂದು ವೈಫೈ ಬಲ್ಬ್ ಇದೆ. ಇಂಟರ್‌ನೆಟ್ ಹೋದ ರಾತ್ರಿ ಆ್ಯಪ್‌ನಲ್ಲಿ ಚಕ್ರ ಸುಮ್ನೆ ತಿರುಗುತ್ತಾ ಕೂತಿತ್ತು. ಅಮ್ಮ ಎದ್ದು ಹೋಗಿ ಪಕ್ಕದ ಟ್ಯೂಬ್‌ಲೈಟ್ ಹಾಕಿದರು. ನನ್ನ ಕಡೆ ಒಂದು ನೋಟ ಬೇರೆ.

ಅಂಗಡಿಯಲ್ಲಿ ಡೆಮೊ ತೋರಿಸುವಾಗ ರೂಟರ್‌ಗೆ ಬರುವ ಇಂಟರ್‌ನೆಟ್ ಕೇಬಲ್ ಕೀಳಲು ಹೇಳಿ. ಆಗಲೂ ದೀಪ ಹತ್ತಿದರೆ ಹಬ್ ಕಂಪನಿಯ ಸರ್ವರ್ ಇಲ್ಲದೆ ಮನೆಯೊಳಗೇ ಕೆಲಸ ಮಾಡುತ್ತದೆ ಎಂದರ್ಥ, ಧೈರ್ಯವಾಗಿ ಯೋಚಿಸಬಹುದು. ಹತ್ತದಿದ್ದರೆ ವಾಪಸ್ ಬನ್ನಿ. ಬೀಗವನ್ನಂತೂ ಮಾಮೂಲಿ ಕೀಲಿಯಿಂದಲೂ ತೆಗೆಯುವಂತಿರುವುದನ್ನೇ ತಗೊಳ್ಳಿ.