ಕಮಂಡಲು ಕಾಯುತ್ತಿದ್ದ ಹುಡುಗರು

ನಿಮ್ಮ ಪ್ರಶ್ನೆ ಇಷ್ಟು: ಹದಿಮೂರು-ಹದಿನಾಲ್ಕು ವಯಸ್ಸಿನವರು ಓದುವಂಥ ಫ್ಯಾಂಟಸಿ ಸಾಹಸ ಕಾದಂಬರಿ ಬರೆಯುತ್ತಿದ್ದೀರಿ, ಪುರಾಣದ ಹಿನ್ನೆಲೆ ಇದೆ, ಕಥೆ ನಡೆಯೋದು ಕೊಡಗಿನಲ್ಲಿ. ದಿವ್ಯಾಸ್ತ್ರಗಳಿವೆ, ಒಬ್ಬ ಅಸುರ ಇದ್ದಾನೆ, ದೇವರ ಅಂಶ ಇರುವ ಹುಡುಗನೂ ಇದ್ದಾನೆ. ಆದರೂ ಜೀವ ಬರುತ್ತಿಲ್ಲ, ಏನು ಮಾಡಲಿ ಅಂತ.

ಅಸ್ತ್ರಗಳನ್ನು ಪಕ್ಕಕ್ಕಿಡಿ. ಅಸುರನನ್ನೂ. ಬರೀ ಮಂಜು, ಬೆಟ್ಟ, ಕಾಫಿ ತೋಟ ಅಂತ ಬರೆದರೆ ಈ ಕಥೆ ಊಟಿಯಲ್ಲೂ ನಡೆಯಬಹುದು. ಇಲ್ಲಿನ ಪುರಾಣದಲ್ಲಿ ಇಲ್ಲಿನದೇ ಒಂದು ಜಗಳ ಇದೆ. ಅದನ್ನು ಹಿಡಿಯಿರಿ.

ನಾನು ವಿರಾಜಪೇಟೆ ಕಡೆ ಹೈಸ್ಕೂಲಲ್ಲಿ ಕನ್ನಡ ಟೀಚರ್. ಮಳೆ ಜೋರಾಗಿ ಪಾಠ ಕೇಳಿಸದೇ ಹೋದಾಗ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಕಥೆ ಹೇಳ್ತೀನಿ. ಕಾವೇರಿ ಕಥೆ ಎಲ್ಲರಿಗೂ ಗೊತ್ತಿರುತ್ತೆ, ಆದರೂ ಕೇಳ್ತಾರೆ. ಕಾವೇರಿ ಕವೇರ ಮುನಿಯ ಮಗಳಾಗಿ ಬೆಳೆದವಳು. ಅಗಸ್ತ್ಯರು ಮದುವೆ ಕೇಳಿದಾಗ ಒಂದು ಷರತ್ತು ಹಾಕುತ್ತಾಳೆ. ನನ್ನನ್ನು ಒಂಟಿಯಾಗಿ ಬಿಟ್ಟು ಹೋಗಬಾರದು, ಹೋದರೆ ಹರಿದು ಹೋಗ್ತೀನಿ. ಋಷಿ ಒಪ್ಪುತ್ತಾರೆ. ಒಂದು ದಿನ ಅವಳನ್ನು ನೀರಿನ ರೂಪದಲ್ಲಿ ಕಮಂಡಲುವಿನಲ್ಲಿಟ್ಟು, ಶಿಷ್ಯರನ್ನು ಕಾವಲಿಗೆ ಬಿಟ್ಟು ಸ್ನಾನಕ್ಕೆ ಹೋಗುತ್ತಾರೆ. ಅಷ್ಟೇ, ಅವಳು ಉಕ್ಕಿ ಹೊರಟೇಬಿಟ್ಟಳು. ಶಿಷ್ಯರು ತಡೆಯಲು ಓಡುತ್ತಾರೆ. ಅವಳು ನೆಲದೊಳಗೆ ಇಳಿದು ಭಾಗಮಂಡಲದಲ್ಲಿ ಮೇಲೆ ಬರುತ್ತಾಳೆ.

ಇಷ್ಟು ಹೇಳಿದಾಗ ಒಬ್ಬ ಹುಡುಗ ಕೇಳಿದ: "ಮಿಸ್, ಆ ಶಿಷ್ಯರಿಗೆ ಆಮೇಲೆ ಏಟು ಬಿತ್ತಾ?"

ನಿಮ್ಮ ಕಾದಂಬರಿ ಇರೋದು ಆ ಪ್ರಶ್ನೆಯೊಳಗೆ ಅಂತ ನನ್ನ ಅನಿಸಿಕೆ. ಆ ಶಿಷ್ಯರು ಯಾರು? ನಾನು ಓದಿದ, ಕೇಳಿದ ಕಥೆಗಳಲ್ಲಿ ಅವರಿಗೆ ಹೆಸರಿಲ್ಲ. ಗುರುಗಳ ಜೊತೆ ಕಾಡಿನಲ್ಲಿದ್ದವರು ಅಂದರೆ ನಿಮ್ಮ ಓದುಗರ ವಯಸ್ಸಿನವರೇ ಇರಬೇಕು. ದೊಡ್ಡವರು ಒಂದು ಪಾತ್ರೆ ಕೈಗೆ ಕೊಟ್ಟು "ನೋಡ್ಕೊಳ್ರೋ" ಅಂತ ಹೇಳಿ ಹೋಗಿದ್ದಾರೆ. ಒಳಗೆ ಇರೋದು ಗುರುಪತ್ನಿ. ಅವಳಿಗೆ ಕೊಟ್ಟ ಮಾತು ಏನು ಅಂತ ಅವರಲ್ಲಿ ಒಬ್ಬನಿಗೆ ಗೊತ್ತಿದೆ ಅಂತಿಟ್ಟುಕೊಳ್ಳಿ. ಗುರು ಮಾತು ಮುರಿದದ್ದನ್ನು ಅವನು ಕಣ್ಣಾರೆ ನೋಡಿದ್ದಾನೆ. ಈಗ ನೀರು ಅಲುಗಾಡುತ್ತಿದೆ. ಕೈ ಅಡ್ಡ ಹಿಡಿದರೆ ಗುರುವಿನ ಆಜ್ಞೆ ಪಾಲಿಸಿದ ಹಾಗೆ. ಸುಮ್ನೆ ನಿಂತರೆ ಅವಳಿಗೆ ನ್ಯಾಯ ಮಾಡಿದ ಹಾಗೆ. ಇದಕ್ಕಿಂತ ದೊಡ್ಡ ಯುದ್ಧ ನಿಮಗೆ ಯಾಕೆ ಬೇಕು?

ಇಲ್ಲಿ ಎದುರಾಳಿ ಅಗಸ್ತ್ಯರೇ. ಅವರೇನೂ ಕೆಟ್ಟವರಲ್ಲ, ಮನೆಯಲ್ಲಿ ದೊಡ್ಡವರು ಮಾಡುವಂಥ ತಪ್ಪನ್ನೇ ಮಾಡಿದವರು. ಹದಿನಾಲ್ಕು ವರ್ಷದ ಓದುಗರಿಗೆ ಕೊಂಬಿನ ಅಸುರನಿಗಿಂತ ಇದು ಜಾಸ್ತಿ ತಟ್ಟುತ್ತೆ. ಗಣಪತಿ ಕಾಗೆಯಾಗಿ ಬಂದು ಕಮಂಡಲು ಉರುಳಿಸಿದ ಅನ್ನುವ ಕಥೆಯೂ ಚಾಲ್ತಿಯಲ್ಲಿದೆ. ಚಂದದ ಕಥೆ, ಆದರೆ ನಿಮಗೆ ಬೇಡ. ಕಾಗೆ ಬಂದರೆ ತಪ್ಪು ಯಾರದ್ದೂ ಆಗಲ್ಲ, ಕಥೆ ಸಪ್ಪೆ.

ಸಾಹಸದ ದಾರಿಯನ್ನೂ ಪುರಾಣವೇ ಹಾಕಿಕೊಟ್ಟಿದೆ. ತಲಕಾವೇರಿಯಿಂದ ಭಾಗಮಂಡಲಕ್ಕೆ ಸುಮಾರು 8 ಕಿಲೋಮೀಟರ್. ನಾವು ಬಸ್ಸಲ್ಲಿ ಇಳಿಯುತ್ತೇವೆ, ಅವಳು ನೆಲದಡಿ ಹೋದಳು. ಆ ಹುಡುಗ ಅವಳ ಹಿಂದೆ ಒಳಗೆ ಇಳಿದನೋ, ಮೇಲೆ ಓಡಿದನೋ? ಭಾಗಮಂಡಲದಲ್ಲಿ ಕಾವೇರಿಗೆ ಕನ್ನಿಕೆ ಸೇರುತ್ತದೆ, ಕಣ್ಣಿಗೆ ಕಾಣದ ಸುಜ್ಯೋತಿಯೂ ಸೇರುತ್ತದೆ ಅಂತ ನಂಬಿಕೆ. ನೆಲದಡಿ ಅವನಿಗೆ ಯಾರು ಸಿಗಬಹುದು ಅಂತ ನಾನು ಹೇಳಬೇಕಾಗಿಲ್ಲ ಅಲ್ವಾ? ಮುಂದೆ ಕೊಡಗಿನದೇ ಬಲಮುರಿ ಅನ್ನುವ ಊರು. ಅಲ್ಲಿ ಜನ ಅವಳನ್ನು ತಡೆಯಲು ನಿಂತಿದ್ದರು, ನೀರಿನ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಹೋಯಿತು ಅಂತ ಕಥೆ. ಕೊಡವ ಹೆಂಗಸರು ಇವತ್ತಿಗೂ ನೆರಿಗೆ ಹಿಂದೆ ಹಾಕಿಯೇ ಉಡುತ್ತಾರೆ.

ಗಡುವು ಬೇಕಿದ್ದರೆ ತುಲಾ ಸಂಕ್ರಮಣ ಇದೆ. ಅಕ್ಟೋಬರ್ ಮಧ್ಯದಲ್ಲಿ ತಲಕಾವೇರಿಯ ಕುಂಡಿಕೆಯಲ್ಲಿ, ಅಂದರೆ ಅಲ್ಲಿನ ಪುಟ್ಟ ಕೊಳದಲ್ಲಿ, ನೀರು ಉಕ್ಕುವ ತೀರ್ಥೋದ್ಭವ. ಮುಹೂರ್ತ ವರ್ಷ ವರ್ಷ ಬದಲಾಗುತ್ತೆ, ಒಮ್ಮೆ ಹಗಲು, ಒಮ್ಮೆ ನಡುರಾತ್ರಿ. ಚಳಿಯಲ್ಲಿ ಬಿಂದಿಗೆ, ಬಾಟಲಿ ಹಿಡಿದು ಜನ ಕಾಯುತ್ತಾರೆ. ಆಮೇಲೆ ಕೊಡವ ಮನೆಗಳಲ್ಲಿ ಸೌತೆಕಾಯಿಗೋ ತೆಂಗಿನಕಾಯಿಗೋ ಕೆಂಪು ರೇಷ್ಮೆ ಸುತ್ತಿ, ಒಡವೆ ಹಾಕಿ, ಅದೇ ಕಾವೇರಿ ಅಂತ ಪೂಜೆ ಮಾಡುತ್ತಾರೆ. ಒಡವೆ ಹಾಕಿಕೊಂಡ ಆ ಸೌತೆಕಾಯಿ ರಾತ್ರಿ ನಿಮ್ಮ ನಾಯಕನ ಜೊತೆ ಮಾತಾಡಿದರೆ ನಾನಂತೂ ನಂಬ್ತೀನಿ.

ಆಯುಧ ಬೇಕೇ ಬೇಕು ಅಂದರೆ ಬ್ರಹ್ಮಾಸ್ತ್ರ ಬಿಡಿ, ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತ ನೋಡಿ. ನಾಟಿ ಕಾಲದಲ್ಲಿ ಕೋವಿ, ಒಡಿಕತ್ತಿ ಎಲ್ಲ ದೇವರ ಕೋಣೆ ಸೇರಬೇಕು ಅನ್ನೋದು ಹಳೇ ಪದ್ಧತಿ. ಸೆಪ್ಟೆಂಬರ್ ಮೊದಲ ವಾರ ತೋಕ್‌ಪೂ ಅನ್ನುವ ಹೂ ಇಟ್ಟು ಪೂಜೆ ಮಾಡಿದ ಮೇಲೆಯೇ ಮುಟ್ಟಬೇಕು. ಆಗಸ್ಟ್ ಕೊನೆಗೇ ಅಪಾಯ ಬಂದರೆ ಹುಡುಗ ಏನು ಮಾಡಬೇಕು? ಮಂತ್ರಶಕ್ತಿಗೆ ಇಂಥ ಒಂದು ಕಟ್ಟುಪಾಡು ಇರಲೇಬೇಕು, ಇಲ್ಲದಿದ್ದರೆ ಮಕ್ಕಳೇ ನಗ್ತಾರೆ. ಕಾವೇರಿ ಮಹಾತ್ಮೆ ಅನ್ನುವ ಪುರಾಣದಲ್ಲಿ ಚಂದ್ರವರ್ಮ ಅನ್ನುವ ರಾಜನ ವಂಶದ ಹುಡುಗರಿಗೆ ಹಂದಿಯ ಕೋರೆಯಂಥ ಉಗುರು ಇತ್ತು, ಅದರಲ್ಲೇ ನೆಲ ಬಗೆದು ಸಮ ಮಾಡಿದರು ಅಂತ ಬರುತ್ತೆ. ಅಂಥವನನ್ನು ಇವತ್ತು ಒಂಬತ್ತನೇ ಕ್ಲಾಸಲ್ಲಿ ಕೂರಿಸಿ. ಪೆನ್ನು ಹೇಗೆ ಹಿಡಿತಾನೆ?

ಒಂದು ವಿಷಯದಲ್ಲಿ ಮಾತ್ರ ಹುಷಾರು. 2018ರ ಆಗಸ್ಟ್‌ನಲ್ಲಿ ಇಲ್ಲಿ ಗುಡ್ಡಗಳು ಕುಸಿದು ಊರುಗಳೇ ಖಾಲಿಯಾದವು. 2020ರಲ್ಲಿ ತಲಕಾವೇರಿಯ ಬೆಟ್ಟವೇ ಜಾರಿ ಅರ್ಚಕರ ಮನೆ ಮಣ್ಣಿನಡಿ ಹೋಯಿತು. ನಮ್ಮ ಕ್ಲಾಸುಗಳಲ್ಲಿ ಮನೆ ಕಳೆದುಕೊಂಡ ಮಕ್ಕಳೂ ಕೂತಿರ್ತಾರೆ. "ಕಾವೇರಿಗೆ ಕೋಪ ಬಂತು, ಅದಕ್ಕೇ ಗುಡ್ಡ ಬಿತ್ತು" ಅಂತ ದಯವಿಟ್ಟು ಬರೆಯಬೇಡಿ. ಕೊಡವರ ದೇವರು ಇಗ್ಗುತಪ್ಪನನ್ನೂ ಪಾತ್ರ ಮಾಡಿ ಮಾತಾಡಿಸಬೇಡಿ. ಸುಗ್ಗಿ ಹಬ್ಬ ಹುತ್ತರಿಯ ದಿನ ಗೊತ್ತಾಗೋದೇ ಕಕ್ಕಬ್ಬೆಯ ಪಾಡಿಯಲ್ಲಿ, ಆ ದೇವರ ಸನ್ನಿಧಿಯಲ್ಲಿ. ಹರಕೆ ಹೊತ್ತವರು ಇವತ್ತೂ ಮೆಟ್ಟಿಲು ಹತ್ತುತ್ತಿದ್ದಾರೆ.

ಹಳೇ ಹಾಡು, ಕಟ್ಟುಪಾಡು ಬೇಕಿದ್ದರೆ ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ತಂದ 'ಪಟ್ಟೋಲೆ ಪಳಮೆ' ಪುಸ್ತಕ ಹುಡುಕಿ. ಇರುವುದು ಕೊಡವ ಭಾಷೆಯಲ್ಲಿ, ಲಿಪಿ ಕನ್ನಡವೇ, ಯಾರಾದರೂ ಕೊಡವರ ಜೊತೆ ಕೂತು ಓದಿ. ಸಾಧ್ಯವಾದರೆ ಜುಲೈಯಲ್ಲೇ ಬಂದು ಒಂದು ಕಿಲೋಮೀಟರ್ ತೋಟದಲ್ಲಿ ನಡೀರಿ. ನಿಮ್ಮ ನಾಯಕ ಕಾಡಲ್ಲಿ ರಾತ್ರಿಯಿಡೀ ಓಡುತ್ತಾನೆ ಅಂದಿರಿ. ಜಿಗಣೆ ಕಚ್ಚದೆ, ಹಲಸಿನ ಮರದ ಹತ್ತಿರ ಆನೆಗೆ ಹೆದರದೆ ಓಡಿದರೆ ಇಲ್ಲಿನ ಮಕ್ಕಳು ಅವನನ್ನು ನಂಬಲ್ಲ. ಮತ್ತೆ ಬ್ರಹ್ಮಗಿರಿ ಅಂತ ಎರಡಿದೆ, ಒಂದು ತಲಕಾವೇರಿಯಲ್ಲಿ, ಇನ್ನೊಂದು ಇರ್ಪು ಜಲಪಾತದ ಮೇಲೆ, ವಯನಾಡಿನ ಗಡಿಗೆ. ಒಂದನ್ನು ಹತ್ತಿಸಿ ಇನ್ನೊಂದರಿಂದ ಇಳಿಸಬೇಡಿ.